ಶಾಖ, ಮುಲಾಮು, ನಡಿಗೆ, ವಿಶ್ರಾಂತಿ: ಫೈಬ್ರೊಮಯಾಲ್ಜಿಯಾಕ್ಕೆ ಯಾವುದು ಒದಗಿತು?

ಮೈಯೆಲ್ಲ ನೋವು, ಎಷ್ಟು ಮಲಗಿದರೂ ಹೋಗದ ಸುಸ್ತು, ರಕ್ತದ ರಿಪೋರ್ಟ್ ಮಾತ್ರ ನಾರ್ಮಲ್. ಫೈಬ್ರೊಮಯಾಲ್ಜಿಯಾ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಲವು ಉಪಾಯಗಳನ್ನು ನಾನೇ ಮಾಡಿ ನೋಡಿದ್ದೇನೆ. ಎಲ್ಲವನ್ನೂ ಅಳೆಯುವುದು ಒಂದೇ ಪ್ರಶ್ನೆಯಿಂದ: ಮಾರನೇ ದಿನ ಬೆಳಿಗ್ಗೆ ಎದ್ದು ಹಾಲು ಕಾಯಿಸುವಷ್ಟು ತ್ರಾಣ ಉಳಿದಿರುತ್ತದಾ?

ಮೊದಲು ಶಾಖ. ರಬ್ಬರಿನ ಬಿಸಿನೀರಿನ ಚೀಲವೂ ಇದೆ, ಕರೆಂಟಿನ ಹೀಟಿಂಗ್ ಪ್ಯಾಡೂ ಇದೆ. ನನ್ನ ಓಟು ಪ್ಯಾಡಿಗೆ. ಹೆಗಲು ಹಿಡಿದುಕೊಂಡ ದಿನ ತುಂಬಿದ ಪಾತ್ರೆ ಎತ್ತಿ, ಚೀಲದ ಸಣ್ಣ ಬಾಯಿಗೆ ಬಿಸಿನೀರು ಹುಯ್ಯುವುದು ಸುಲಭವಲ್ಲ. ಕೈ ಸ್ವಲ್ಪ ನಡುಗಿದರೂ ಸುಟ್ಟುಕೊಳ್ಳುತ್ತೇವೆ. ಕರೆಂಟ್ ಹೋದರೆ ಮಾತ್ರ ಚೀಲವೇ ಗತಿ. ಪ್ಯಾಡ್ ಇಟ್ಟುಕೊಂಡೇ ನಿದ್ದೆಗೆ ಜಾರಬೇಡಿ, ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ.

ಡೈಕ್ಲೋಫೆನಾಕ್ ಮುಲಾಮು ಹಚ್ಚಿದಾಗ ತಣ್ಣಗೆ ಅನಿಸುತ್ತದೆ, ಅಷ್ಟೇ. ಅದು ಊತ ಇಳಿಸುವ ಔಷಧಿ. ನಮ್ಮಲ್ಲಿ ಊತವೇ ಇಲ್ಲ, ಮೆದುಳು ಮತ್ತು ನರಗಳು ನೋವನ್ನು ದೊಡ್ಡದು ಮಾಡಿ ತೋರಿಸುತ್ತವೆ. ಎಣ್ಣೆ ಸ್ನಾನ ಬಹಳ ಹಿತ, ಆದರೆ ಬೇರೆಯವರು ಎಣ್ಣೆ ತಿಕ್ಕಿ ನೀರು ಹಾಕಿದರೆ ಮಾತ್ರ. ನಾವೇ ತಿಕ್ಕಿ, ಸೀಗೆಪುಡಿ ಹಾಕಿ ತಲೆ ತೊಳೆಯುವಷ್ಟರಲ್ಲಿ ತೋಳು ಸೋತು ಹೋಗುತ್ತವೆ.

ಮಾತ್ರೆಗಳಲ್ಲಿ ನನಗೆ ಮೊದಲು ಕೊಟ್ಟದ್ದು ರಾತ್ರಿಗೆ ಕಡಿಮೆ ಪ್ರಮಾಣದ ಅಮಿಟ್ರಿಪ್ಟಿಲಿನ್. ನಿದ್ದೆ ಬಂತು, ಜೊತೆಗೆ ಬಾಯಿ ಒಣಗಿತು, ಬೆಳಿಗ್ಗೆ ಮಂಪರು. ಆಮೇಲೆ ಪ್ರಿಗಾಬಲಿನ್. 2007ರಲ್ಲಿ ಅಮೆರಿಕದಲ್ಲಿ ಈ ಕಾಯಿಲೆಗೆಂದೇ ಮೊದಲು ಒಪ್ಪಿಗೆ ಸಿಕ್ಕಿದ್ದು ಇದಕ್ಕೆ. ನೋವು ಇಳಿಯಿತು, ತಲೆ ಮಾತ್ರ ತಿರುಗತೊಡಗಿತು. ಮಂಪರು ಮಧ್ಯಾಹ್ನದೊಳಗೆ ಹೋಗುತ್ತದೆ, ತಲೆಸುತ್ತಿನಲ್ಲಿ ರಸ್ತೆ ದಾಟುವುದು ಭಯ. ಹಾಗಾಗಿ ಡಾಕ್ಟರನ್ನು ಕೇಳಿ ಮೊದಲಿನದಕ್ಕೇ ಮರಳಿದೆ. ನಿಮ್ಮ ಮೈಗೆ ಬೇರೆಯದೇ ಒಗ್ಗಬಹುದು.

ಇನ್ನು ನಡಿಗೆಯೋ ವಿಶ್ರಾಂತಿಯೋ. ಯುರೋಪಿನ ಸಂಧಿವಾತ ತಜ್ಞರ ಸಂಘ 2016ರಲ್ಲಿ ಬಲವಾಗಿ ಶಿಫಾರಸು ಮಾಡಿದ್ದು ವ್ಯಾಯಾಮವೊಂದನ್ನೇ. ನೋವಿರುವಾಗ ಇದನ್ನು ಕೇಳಿದರೆ ಸಿಟ್ಟು ಬರುತ್ತದೆ ಅಲ್ವಾ? ಆದರೆ ದಿನವಿಡೀ ಮಲಗಿದರೆ ಸಂಜೆಗೆ ಸೊಂಟ, ಕಾಲು ಇನ್ನೂ ಬಿಗಿಯುತ್ತವೆ. ನಾನು ಬೀದಿಯ ಕೊನೆವರೆಗೆ ಹೋಗಿ ಬರುವುದರಿಂದ ಶುರು ಮಾಡಿದೆ. ಅದು ಸಲೀಸು ಅನಿಸಿದ ಮೇಲೆ ಪಕ್ಕದ ರಸ್ತೆವರೆಗೆ. ಬೆಚ್ಚಗಿನ ನೀರಿನಲ್ಲಿ ವ್ಯಾಯಾಮ ಒಳ್ಳೆಯದೇ, ಆದರೆ ನನಗೆ ಸಿಕ್ಕಿದ್ದು ತಣ್ಣೀರಿನ ಈಜುಕೊಳ. ಆಟೋ ಹತ್ತಿ ಹೋಗಿ, ಒದ್ದೆ ಬಟ್ಟೆ ಬದಲಿಸಿ ಮನೆಗೆ ಬರುವಷ್ಟರಲ್ಲೇ ಸಾಕಾಗುತ್ತಿತ್ತು. ಬಿಟ್ಟೆ.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಕಂಡದ್ದು ಕೆಲಸ ಹಂಚಿಕೊಳ್ಳುವ ರೀತಿಯಲ್ಲಿ. ಮೈ ಹಗುರವಾಗಿರುವ ದಿನ ಎಲ್ಲಾ ಮುಗಿಸಿಬಿಡುವುದು ಒಂದು ದಾರಿ. ಗೌರಿ ಹಬ್ಬಕ್ಕೆ ಮನೆ ತೊಳೆದು, ಒಬ್ಬರೇ ಕಡುಬು ಮಾಡಿ, ರಾತ್ರಿವರೆಗೂ ನಿಂತಿದ್ದರೆ ಹಬ್ಬ ಚೆನ್ನಾಗೇ ಆಗುತ್ತದೆ. ಆಮೇಲೆ ವಾರವೆಲ್ಲ ಹಾಸಿಗೆ. ಮನೆಯವರಿಗೂ ಅರ್ಥವಾಗುವುದಿಲ್ಲ, "ಮೊನ್ನೆ ಚೆನ್ನಾಗಿದ್ದೆಯಲ್ಲ" ಅನ್ನುತ್ತಾರೆ. ಇನ್ನೊಂದು ದಾರಿ, ಒಳ್ಳೆಯ ದಿನವೂ ಕೆಟ್ಟ ದಿನದ ಅಳತೆಯಲ್ಲೇ ಸ್ವಲ್ಪ ಸ್ವಲ್ಪ ಮಾಡುವುದು. ಚಪಾತಿ ಹಿಟ್ಟು ಬೆಳಿಗ್ಗೆಯೇ ಕಲಸಿ ಫ್ರಿಜ್‌ನಲ್ಲಿಡುತ್ತೇನೆ. ಸಂಜೆ ಊಟದ ಮೇಜಿನ ಮುಂದೆ ಕೂತು ಲಟ್ಟಿಸುತ್ತೇನೆ. ಬೇಯಿಸುವ ಕೆಲಸ ಮಗನದು. ಮನೆಯಲ್ಲಿ ಇದಕ್ಕೆ ಒಪ್ಪಿಸುವುದು ಯಾವ ಮಾತ್ರೆ ನುಂಗುವುದಕ್ಕಿಂತಲೂ ಕಷ್ಟ. ಆದರೂ ನನ್ನ ಮಟ್ಟಿಗೆ ಇದರ ಮುಂದೆ ಬೇರೆ ಯಾವುದೂ ನಿಲ್ಲುವುದಿಲ್ಲ.

ಒಂದು ಎಚ್ಚರಿಕೆ. ಸ್ವಲ್ಪ ಓಡಾಡಿದರೂ ಒಂದೆರಡು ದಿನ ಬಿಟ್ಟು ಪೂರ್ತಿ ಕುಸಿಯುವ ಇನ್ನೊಂದು ಕಾಯಿಲೆ ಇದೆ, ಎಂಇ ಅಥವಾ ಸಿಎಫ್‌ಎಸ್ (ಕ್ರಾನಿಕ್ ಫಟೀಗ್ ಸಿಂಡ್ರೋಮ್). ದಿನದಿಂದ ದಿನಕ್ಕೆ ವ್ಯಾಯಾಮ ಹೆಚ್ಚಿಸುವ ಚಿಕಿತ್ಸೆ ಅದಕ್ಕೆ ಬೇಡ ಎಂದು ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ 2021ರಲ್ಲಿ ಹೇಳಿತು. ನಿಮ್ಮ ಸುಸ್ತು ಆ ಬಗೆಯದು ಅನಿಸಿದರೆ ನನ್ನ ನಡಿಗೆಯ ಲೆಕ್ಕ ಹಿಡಿಯಬೇಡಿ, ಮೊದಲು ಡಾಕ್ಟರಿಗೆ ಅದನ್ನೇ ಹೇಳಿ.