ಡಿಂಕಿ ಜೀಪ್ ಅಂತ ಹೇಳಿ ಬಣ್ಣ ಬಳಿದ ನಿಕ್ಕಿ ಜೀಪ್ ಮಾರ್ತಿದ್ದಾರೆ, ಎಚ್ಚರ

ಹಳೇ ಡೈಕಾಸ್ಟ್ ಕಾರು, ಅಂದ್ರೆ ಲೋಹದ ಎರಕದ ಪುಟ್ಟ ಆಟದ ಕಾರು ಕೂಡಿಡುವವರು, ಅದರಲ್ಲೂ ಡಿಂಕಿ ಹುಡುಕುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ 11,500 ರೂಪಾಯಿ ಹೋಗಿದೆ, ವಾಪಸ್ ಬರೋದಿಲ್ಲ ಅಂತಲೂ ಗೊತ್ತಾಗಿದೆ. ಆದರೆ ನನಗೆ ಮೋಸ ಮಾಡಿದ ಮನುಷ್ಯ ಈಗಲೂ ಮಾರ್ತಾ ಇದ್ದಾನೆ. ಅದೇ ಹಳದಿ ಬಾಕ್ಸ್, ಅದೇ ಮಾತು. ಅದಕ್ಕೇ ಬರೀತಿದ್ದೀನಿ.

ನಾನು ಗೋಣಿಕೊಪ್ಪದ ಕಡೆಯವನು. ತುಂಬಾ ವರ್ಷದಿಂದ 1:24 ಕಿಟ್ (ನಿಜವಾದ ಕಾರಿನ 24ರಲ್ಲಿ ಒಂದು ಅಳತೆಯ, ಬಿಡಿಭಾಗ ಜೋಡಿಸೋ ಮಾಡೆಲ್) ಕಟ್ತೀನಿ, ಹೆಚ್ಚಿನವು ಜಪಾನಿನ ಟಾಮಿಯಾ ಕಂಪನಿಯವು. ಮಳೆಗಾಲದಲ್ಲಿ ಸ್ಪ್ರೇ ಮುಟ್ಟೋದಿಲ್ಲ, ಇಲ್ಲಿನ ತೇವಕ್ಕೆ ಲ್ಯಾಕರ್ ಬಣ್ಣ ಬೆಳ್ಳಗೆ ಮಂಜು ಹಿಡಿದುಬಿಡುತ್ತೆ. ಆ ನಾಲ್ಕು ತಿಂಗಳು ಹಳೇ ಡೈಕಾಸ್ಟ್ ಹುಡುಕೋದು, ಒರೆಸೋದು, ಗುಂಪುಗಳಲ್ಲಿ ಬೆಲೆ ಕೇಳೋದು. ನಮ್ಮಲ್ಲಿ ತೋಟದ ಮನೆ ಅಂದ ಮೇಲೆ ಜೀಪ್ ಇರ್ತಿತ್ತು, ಹಾಗಾಗಿ ಡಿಂಕಿಯ 405ನೇ ನಂಬರಿನ ಯೂನಿವರ್ಸಲ್ ಜೀಪ್ ಒಂದು ನನ್ನ ಹತ್ತಿರ ಇರಲೇಬೇಕು ಅಂತ ಮೊದಲಿಂದಲೂ ಆಸೆ.

ಗೊತ್ತಿಲ್ಲದವರಿಗೆ ಒಂದು ಮಾತು. ಡಿಂಕಿ ಅಂದ್ರೆ ಇಂಗ್ಲೆಂಡಿನ ಲಿವರ್‌ಪೂಲ್‌ನ ಬಿನ್ಸ್ ರೋಡಿನಲ್ಲಿದ್ದ ಮೆಕ್ಯಾನೋ ಕಂಪನಿಯದು. 1934ರಿಂದ ಆ ಹೆಸರು, 1979ರಲ್ಲಿ ಕಾರ್ಖಾನೆ ಮುಚ್ಚಿತು. ಅದಕ್ಕೂ ಮೊದಲೇ, 1960ರ ದಶಕದ ಕೊನೆಯ ಹೊತ್ತಿಗೆ, ಅವರ ಕೆಲವು ಹಳೇ ಅಚ್ಚುಗಳು ಕಲ್ಕತ್ತೆಗೆ ಬಂದವು. ಇಲ್ಲಿ ಡಿಂಕಿ ಅನ್ನೋ ಹೆಸರು ಅಳಿಸಿ 'ನಿಕ್ಕಿ ಟಾಯ್ಸ್' ಅಂತ ಮಾಡಿ ಮಾರಿದರು. ಅಚ್ಚು ಒಂದೇ, ಹಾಗಾಗಿ ಆಕಾರವೂ ಒಂದೇ. ಎರಕ ಸ್ವಲ್ಪ ಒರಟು, ಬಣ್ಣ ಸ್ವಲ್ಪ ಬೇರೆ. ಮೋಸ ಮಾಡೋದಕ್ಕೆ ದಾರಿ ಆಗಿರೋದೇ ಇದು.

ಈ ವ್ಯಕ್ತಿ ಪರಿಚಯ ಆಗಿದ್ದು ಒಂದು ವಾಟ್ಸಾಪ್ ಗುಂಪಿನಲ್ಲಿ. ಬೆಂಗಳೂರಿನವನು. ಹೆಸರು ಹಾಕೋದಿಲ್ಲ, ಹಾಕಿದರೆ ನನ್ನ ಮೇಲೇ ಕೇಸ್ ಅಂತ ಆಗಲೇ ಹೆದರಿಸಿದ್ದಾನೆ. ಜೀಪಿನ ಫೋಟೊ ಹಾಕಿದ. ಹಸಿರು ಕಟಿಂಗ್ ಮ್ಯಾಟ್ ಮೇಲೆ ಕೆಂಪು ಜೀಪು, ಪಕ್ಕದಲ್ಲಿ ಹಳದಿ ಬಾಕ್ಸ್. ನಾನು ಕೇಳಬೇಕಾದ್ದೆಲ್ಲ ಕೇಳಿದೆ. ಒರಿಜಿನಲ್ ಪೇಂಟಾ? "ಹೌದಣ್ಣ, ನೂರಕ್ಕೆ ನೂರು." ಬಾಕ್ಸ್ ಒರಿಜಿನಲ್ಲಾ? "ಅಣ್ಣಾ, ಬಾಕ್ಸಿಗೇ ಅರ್ಧ ರೇಟು." ಅಡಿಭಾಗದ ಫೋಟೊ ಕಳಿಸು ಅಂದೆ. ಕಳಿಸಿದ, ಮಬ್ಬಾಗಿತ್ತು. ಇನ್ನೊಂದು ಕಳಿಸು ಅಂದೆ. "ಮಗ ಫೋನ್ ಬೀಳಿಸಿ ಕ್ಯಾಮೆರಾ ಹೋಗಿದೆ ಅಣ್ಣ, ಇನ್ನೂ ಇಬ್ಬರು ಕೇಳ್ತಿದ್ದಾರೆ, ನಿಮಗೆ ಅಂತ ಹಿಡಿದಿಟ್ಟಿದ್ದೀನಿ." ಮಾತುಮಾತಿಗೂ ಅಣ್ಣ, ಅಣ್ಣ. ದುಡ್ಡು ಪೂರ್ತಿ ಮೊದಲೇ ಹಾಕಬೇಕು ಅಂದ. ಈ ವ್ಯವಹಾರದಲ್ಲಿ ಅದು ಮಾಮೂಲಿ, ಎಲ್ಲರೂ ಹಾಗೇ ಮಾಡ್ತಾರೆ. ಹಾಕಿದೆ.

ಪಾರ್ಸೆಲ್ ಚೆನ್ನಾಗೇ ಬಂತು. ಬಬಲ್ ರ‍್ಯಾಪ್, ಥರ್ಮಾಕೋಲ್, ಎಲ್ಲಾ ನೀಟು. ಪುತ್ತರಿ ಹಬ್ಬಕ್ಕೆ ಮನೆ ತುಂಬಾ ಜನ ಸೇರಿದ್ದಾಗ ಎಲ್ಲರಿಗೂ ತೋರಿಸಿದೆ. ದೊಡ್ಡಪ್ಪ ಬಹಳ ಕಾಲದಿಂದ ತೋಟದ ಜೀಪ್ ಓಡಿಸಿದವರು. ಕನ್ನಡಕ ಹಾಕಿಕೊಂಡು ಕೈಯಲ್ಲಿ ತಿರುಗಿಸಿ ನೋಡಿ, "ಎಲ್ಲಾ ಸರಿ ಇದೆ ಮಗ, ಆದ್ರೆ ಮುಂದಿನ ಗ್ರಿಲ್ಲು ಯಾಕೆ ಹೀಗೆ ಬಣ್ಣದಲ್ಲಿ ಮುಚ್ಚಿಹೋಗಿದೆ?" ಅಂದ್ರು. ಅದನ್ನೇ ಅವನಿಗೆ ಕೇಳಿದೆ. ತಕ್ಷಣ ಉತ್ತರ: "ಆ ಕಾಲದ ಎನಾಮೆಲ್ ಹಾಗೇ ದಪ್ಪ ಅಣ್ಣಾ. ನಿಮಗೆ ಗೊತ್ತಿಲ್ಲದ್ದೇನಿದೆ."

ಕಕ್ಕಡ ತಿಂಗಳ ಮಳೆ ಶುರುವಾದ ಮೇಲೆ ಒಂದು ದಿನ ಗಾಜಿನ ಬೀರು ತೆಗೆದು ಒಂದೊಂದೇ ಕಾರು ಒರೆಸ್ತಾ ಇದ್ದೆ. ಜೀಪ್ ತಿರುಗಿಸಿದಾಗ ಅಡಿಯ ಬಣ್ಣ ಗುಳ್ಳೆ ಎದ್ದಿತ್ತು. ಬೆರಳಿನ ಉಗುರು ತಾಗಿದ್ದಷ್ಟೇ, ಹಪ್ಪಳದ ಚೂರಿನ ಹಾಗೆ ಎದ್ದು ಬಂತು. ಅದರ ಕೆಳಗೆ ಲೋಹ ಅಲ್ಲ, ಬೂದು ಪುಟ್ಟಿ! ಕಾರಿನ ಡೆಂಟಿಗೆ ಹಚ್ಚುವ ಪುಟ್ಟಿ. ಕಡ್ಡಿಯಿಂದ ಮೆಲ್ಲಗೆ ಕೆರೆದೆ. ಪುಟ್ಟಿ ಹೋದ ಹಾಗೆ ಎರಕದ ಅಕ್ಷರ ಒಂದೊಂದಾಗಿ ಕಾಣಿಸಿತು. ಇಂಡಿಯಾ ಅಂತ. ನನಗೆ ಕೈ ನಡುಗಿತು. ಇಷ್ಟು ಜನಕ್ಕೆ ಲಿವರ್‌ಪೂಲಿನದು ಅಂತ ಹೇಳಿ ತೋರಿಸಿದ್ದೆ, ದೊಡ್ಡಪ್ಪನ ಮಾತಿಗೆ ಎನಾಮೆಲ್ ಕಥೆ ಹೇಳಿದ್ದೆ.

ಬಾಕ್ಸ್ ಆದರೂ ನಿಜವೇನೋ ಅಂತ ಮನಸ್ಸಿಗೆ ಸಮಾಧಾನ ಮಾಡಿಕೊಂಡೆ. ಮೆಣಸು ವ್ಯಾಪಾರ ಮಾಡುವ ಗೆಳೆಯನ ಅಂಗಡಿಯಲ್ಲಿ ಕಳ್ಳನೋಟು ನೋಡುವ ನೀಲಿ ದೀಪ ಇದೆ. ಜೀಪಿನ ಬಾಕ್ಸನ್ನೂ, ನನ್ನ ಹತ್ತಿರ ಮೊದಲಿಂದಲೂ ಇದ್ದ ಇನ್ನೊಂದು ಡಿಂಕಿಯ ಹರಿದ ಬಾಕ್ಸನ್ನೂ ತಗೊಂಡು ಹೋದೆ. ಶಟರ್ ಅರ್ಧ ಎಳೆದು, ಎರಡನ್ನೂ ಪಕ್ಕಪಕ್ಕ ಇಟ್ಟು ದೀಪ ಹಾಕಿದ. ಹಳೇ ಬಾಕ್ಸ್ ಮಂಕಾಗೇ ಇತ್ತು. ಜೀಪಿನ ಬಾಕ್ಸಿನ ಒಳಗಡೆ ರಟ್ಟು ಬೆಳ್ಳಗೆ, ನೀಲಿಯಾಗಿ ಹೊಳೀತು. ಹೊಸ ಕಾಗದ, ರಟ್ಟಿಗೆ ಬಿಳುಪು ಬರಲಿ ಅಂತ ಹಾಕೋ ರಾಸಾಯನಿಕ ಆ ಬೆಳಕಿಗೆ ಹೀಗೇ ಹೊಳೆಯೋದು. ಭೂತಗನ್ನಡಿಯಲ್ಲಿ ನೋಡಿದರೆ ಜೀಪಿನ ಚಿತ್ರದ ಅಂಚಿನಲ್ಲಿ ಪ್ರಿಂಟರಿನ ಸಣ್ಣ ಸಣ್ಣ ಚುಕ್ಕಿ. ಮೂಲೆಗಳನ್ನು ಬೇಕಂತಲೇ ಉಜ್ಜಿ, ಟೀ ಬಣ್ಣ ಹಚ್ಚಿ ಹಳೇದು ಮಾಡಿದ್ದಾನೆ. ಬಾಕ್ಸಿಗೇ ಅರ್ಧ ರೇಟು ಅಂದಿದ್ದ!

ಈಗ ಅವನ ಉತ್ತರಗಳು ಕೇಳಿ. ಎಲ್ಲದರ ಸ್ಕ್ರೀನ್‌ಶಾಟ್ ಇಟ್ಟಿದ್ದೀನಿ.

ಮೊದಲು ಫೋಟೊ ಕಳಿಸಿ ಇದೇನು ಅಂತ ಕೇಳಿದೆ. "ಅಣ್ಣಾ, ಒರಿಜಿನಲ್ ಅಂದ್ರೆ ಮಾಡೆಲ್ ಒರಿಜಿನಲ್. ಪೇಂಟ್ ಒರಿಜಿನಲ್ ಅಂತ ನಾನೆಲ್ಲಿ ಹೇಳಿದೆ?" ಅವನೇ ನೂರಕ್ಕೆ ನೂರು ಅಂತ ಬರೆದಿದ್ದ ಮೆಸೇಜನ್ನು ಅವನಿಗೇ ಕಳಿಸಿದೆ. ಆಗ ಅಣ್ಣ ಹೋಗಿ ಸರ್ ಬಂತು. "ಸರ್, ನನಗೆ ಕೊಟ್ಟವರು ಹಾಗೆ ಹೇಳಿದ್ರು, ನಾನೂ ಹಾಗೇ ಹೇಳಿದೆ." ಕೊಟ್ಟವರು ಯಾರು ಅಂದ್ರೆ ಉತ್ತರ ಇಲ್ಲ. ದುಡ್ಡು ವಾಪಸ್ ಕೊಡು, ಜೀಪ್ ಕಳಿಸ್ತೀನಿ ಅಂದೆ. "ಪಾರ್ಸೆಲ್ ಬಿಚ್ಚಿದ ವಿಡಿಯೊ ಇದೆಯಾ?" ಇದೆ, ಕಳಿಸಿದೆ. ಅದನ್ನು ನೋಡಿ ಏನಂದ ಗೊತ್ತಾ? "ನೋಡಿ, ವಿಡಿಯೊದಲ್ಲೇ ಮಾಲು ಸರಿಯಾಗಿದೆ. ಆಮೇಲೆ ಆಗಿದ್ದಕ್ಕೆ ನಾನು ಜವಾಬ್ದಾರ ಅಲ್ಲ."

ಆಮೇಲಿನ ಮಾತಿಗೆ ನನ್ನ ತಲೆ ಕೆಟ್ಟುಹೋಯ್ತು. "ನಿಮ್ಮ ಕೊಡಗಿನ ಮಳೆಗೆ ಏನು ತಾನೇ ಹಾಳಾಗಲ್ಲ ಹೇಳಿ? ಡ್ರೈ ಬಾಕ್ಸಲ್ಲಿ ಇಡಬೇಕಿತ್ತು ನೀವು." ಅಂದ್ರೆ ಮಳೆ ಬಂದು ನನ್ನ ಜೀಪಿಗೆ ಪುಟ್ಟಿ ಹಚ್ಚಿತಾ? ಮಳೆ ಬಂದು ಅದರ ಅಡಿಯಲ್ಲಿ ಇಂಡಿಯಾ ಅಂತ ಕೆತ್ತಿತಾ? ಅದೇ ಬೀರುವಿನಲ್ಲಿ ಅದೇ ಮಳೆಗೆ ನನ್ನ ಬೇರೆ ಡಿಂಕಿಗಳು ವರ್ಷಗಟ್ಟಲೆ ಇವೆ, ಒಂದಕ್ಕೂ ಗುಳ್ಳೆ ಬಂದಿಲ್ಲ. ಕಾರ್ಖಾನೆಯಲ್ಲಿ ಒಲೆಗಿಟ್ಟು ಸುಟ್ಟ ಬಣ್ಣ ಅವು. ಇವನದು ಪುಟ್ಟಿ ಮೇಲೆ ಹೊಡೆದ ಕ್ಯಾನ್ ಸ್ಪ್ರೇ.

ಗುಂಪಿನಲ್ಲಿ ಹಾಕಿದೆ. ಅಡ್ಮಿನ್ ನನ್ನ ಮೆಸೇಜ್ ಅಳಿಸಿ, "ವೈಯಕ್ತಿಕ ವ್ಯವಹಾರ ಪರ್ಸನಲ್ಲಾಗಿ ಮುಗಿಸ್ಕೊಳ್ಳಿ" ಅಂದರು. ಮಾರುವಾಗ ಗುಂಪಿನ ವ್ಯವಹಾರ, ಮೋಸ ಆದಾಗ ವೈಯಕ್ತಿಕ! ಠಾಣೆಗೂ ಹೋದೆ. "ಆಟದ ಜೀಪಿಗೆ ಹನ್ನೊಂದೂವರೆ ಸಾವಿರವಾ?" ಅಂತ ಅಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಅಷ್ಟು ಜನರ ಮುಂದೆ ನಿಂತು ಡಿಂಕಿ ಏನು, ನಿಕ್ಕಿ ಏನು ಅಂತ ವಿವರಿಸೋ ಕಷ್ಟ ಯಾರಿಗೂ ಬೇಡ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೀನಿ. ಆನ್‌ಲೈನಿನಲ್ಲಿ ದುಡ್ಡು ಹಾಕಿ ಮೋಸ ಹೋದವರು ತಡ ಮಾಡದೆ ಮೊದಲು ಆ ನಂಬರಿಗೆ ಮಾಡಿ. ನನ್ನದು ಬಯಲಾಗುವ ಹೊತ್ತಿಗೆ ತಿಂಗಳುಗಳೇ ಕಳೆದಿದ್ದವು.

ಇನ್ನೊಂದು ಸಂಕಟ ಇದೆ, ಅದು ದುಡ್ಡಿನದಲ್ಲ. ಅವನು ಅದನ್ನು ನಿಕ್ಕಿ ಅಂತಲೇ ಹೇಳಿ, ಇದ್ದ ಹಾಗೇ ಮಾರಿದ್ದರೆ ನಾನು ಖುಷಿಯಿಂದ ಕೊಳ್ತಿದ್ದೆ. ನಮ್ಮ ದೇಶದಲ್ಲಿ ಎರಕ ಹೊಯ್ದ ಜೀಪು, ಅಷ್ಟು ಸುಲಭವಾಗಿ ಸಿಗೋದೂ ಇಲ್ಲ, ಹೊರದೇಶದವರೂ ಹುಡುಕಿ ಕೊಳ್ತಾರೆ. ಅಂಥದ್ದರ ಬಣ್ಣ ಕಿತ್ತು, ಹೆಸರಿಗೆ ಪುಟ್ಟಿ ಮೆತ್ತಿ, ಸುಳ್ಳು ಡಿಂಕಿ ಮಾಡಿ ಹಾಳು ಮಾಡಿದ್ದಾನೆ. ಈಗ ಅದು ಡಿಂಕಿಯೂ ಅಲ್ಲ, ಸರಿಯಾದ ನಿಕ್ಕಿಯೂ ಅಲ್ಲ. ಕಲ್ಕತ್ತೆಯವರು ಹೊಡೆದ ಮೂಲ ಬಣ್ಣ ಇನ್ನು ಯಾರು ತಂದುಕೊಡ್ತಾರೆ? ಮೋಸಕ್ಕಿಂತ ಇದಕ್ಕೇ ನನಗೆ ಹೆಚ್ಚು ಸಿಟ್ಟು.

ಕೊಳ್ಳುವವರು ಅಡಿಭಾಗದ ಫೋಟೊ ಹಗಲು ಬೆಳಕಿನಲ್ಲಿ, ಅಕ್ಷರ ಓದೋ ಹಾಗೆ ಕೇಳಿ. ಕ್ಯಾಮೆರಾ ಹೋಗಿದೆ ಅಂದರೆ ವ್ಯವಹಾರ ಅಲ್ಲೇ ಬಿಡಿ, ಎಷ್ಟು ಜನ ಕೇಳ್ತಿದ್ದರೂ ಅವರೇ ಕೊಳ್ಳಲಿ. ಬಣ್ಣ ಹೋದ ಜಾಗ ನೋಡಿ, ಚಿಪ್ ಆಗಿರೋ ಕಡೆ ಲೋಹ ಕಾಣಬೇಕು. ಹಳೇ ಗಾಯದ ಮೇಲೆ ಬಣ್ಣ ಹರಿದು ತಗ್ಗು ಮಾತ್ರ ಕಾಣ್ತಿದ್ದರೆ ಮತ್ತೆ ಬಣ್ಣ ಹೊಡೆದಿದ್ದಾರೆ ಅಂತಲೇ. ಗ್ರಿಲ್, ಬಾನೆಟ್ಟಿನ ಗೆರೆ ಚೂಪಾಗಿರಬೇಕು. ಆಕ್ಸಲ್ ತುದಿ ಹೊಸದಾಗಿ ಅರ ಹಾಕಿ ಉಜ್ಜಿದ ಹಾಗಿದ್ದರೆ ಬಣ್ಣ ಹೊಡೆಯೋಕೆ ಚಕ್ರ ಬಿಚ್ಚಿದ್ದಾರೆ. ಬಾಕ್ಸನ್ನಂತೂ ಆ ನೀಲಿ ದೀಪಕ್ಕೆ ಹಿಡಿಯದೆ ನಂಬಲೇಬೇಡಿ, ಯಾವುದಾದರೂ ಅಂಗಡಿಯಲ್ಲಿ ಇದ್ದೇ ಇರುತ್ತೆ. ಮೆಸೇಜಿನಲ್ಲಿ 'ಒರಿಜಿನಲ್' ಅಂತ ಒಂದೇ ಮಾತು ಬರೆಸಿಕೊಂಡು ಸುಮ್ಮನಾಗಬೇಡಿ. ಪೇಂಟ್, ಟೈರ್, ಬಾಕ್ಸ್, ಅಡಿಭಾಗ, ಒಂದೊಂದಕ್ಕೂ ಬೇರೆ ಬೇರೆ ಬರೆಸಿಕೊಳ್ಳಿ.

ಕಳೆದ ವಾರ ಬೇರೊಂದು ಗುಂಪಿನಲ್ಲಿ ಜಾಗ್ವಾರ್ ಇ-ಟೈಪ್ ಒಂದು ಮಾರಾಟಕ್ಕೆ ಬಂದಿದೆ. ಡಿಂಕಿ, ಬಾಕ್ಸ್ ಸಮೇತ, ಒರಿಜಿನಲ್ ಪೇಂಟ್. ಮಾರುವವನ ಹೆಸರು ಬೇರೆ, ನಂಬರ್ ಬೇರೆ. ಆದರೆ ಫೋಟೊದಲ್ಲಿ ಅದೇ ಹಸಿರು ಮ್ಯಾಟು, ಎಡ ಮೂಲೆಯಲ್ಲಿ ಅದೇ ಬ್ಲೇಡಿನ ಗೀರು. ಇ-ಟೈಪ್ ಕೂಡ ನಿಕ್ಕಿಯಲ್ಲಿ ಬಂದ ಮಾಡೆಲ್ಲೇ. ಅಡಿಭಾಗದ ಫೋಟೊ ಹಾಕಿಲ್ಲ. ಯಾರಾದರೂ ಅದಕ್ಕೆ ಮಾತಾಡ್ತಿದ್ದರೆ ದುಡ್ಡು ಹಾಕೋ ಮೊದಲು ನನಗೊಂದು ಮೆಸೇಜ್ ಮಾಡಿ, ನನ್ನ ಜೀಪಿನ ಫೋಟೊ, ಅವನ ಸ್ಕ್ರೀನ್‌ಶಾಟ್ ಎಲ್ಲಾ ಕಳಿಸ್ತೀನಿ.