ಕಾಕಟಿಯಲ್ ಪಂಜರದ ಗಂಟೆ ಕನ್ನಡಿ: ತಿಂಗಳುಗಟ್ಟಲೆ ಬಳಸಿದ ಮೇಲೆ 2 ಸ್ಟಾರ್

ಕಾಕಟಿಯಲ್ ಅಂದರೆ ಜುಟ್ಟಿರುವ ಪುಟ್ಟ ಗಿಳಿ, ಅದರ ಪಂಜರಕ್ಕೆ ಸಿಕ್ಕಿಸುವ ಗಂಟೆ ಇರುವ ಕನ್ನಡಿ ಇದು. ಆ 2 ಸ್ಟಾರ್ ಕೂಡ ತಯಾರಿಕೆಗೆ ಮಾತ್ರ. ಒಡೆಯದ ಅಕ್ರಿಲಿಕ್, ಅಂಚು ನುಣುಪಾಗಿದೆ, ಕ್ಲಿಪ್ ಇನ್ನೂ ತುಕ್ಕು ಹಿಡಿದಿಲ್ಲ. ಗಂಟೆಯ ನಾಲಿಗೆಯನ್ನು ಮೊದಲ ದಿನವೇ ಕಿತ್ತುಹಾಕಿದೆ. ಅದರಲ್ಲಿ ಸತು ಅಥವಾ ಸೀಸ ಇದ್ದರೆ, ಹಕ್ಕಿ ನುಂಗಿದಾಗ ವಿಷ ಏರುತ್ತದೆ.

ನನ್ನ ತಕರಾರು ಕನ್ನಡಿ ಬಗ್ಗೆಯೇ. ನಮ್ಮದು ಒಂಟಿ ಗಂಡು, ಬೂದು ಬಣ್ಣದ್ದು. ಮೊದಮೊದಲು ಕನ್ನಡಿ ಮುಂದೆ ಕೂತು ಸಿಳ್ಳೆ ಹಾಕುವುದು, ರೆಕ್ಕೆ ಸ್ವಲ್ಪ ಎತ್ತಿ ಕೊಕ್ಕಿನಿಂದ ಟಕಟಕ ಬಡಿಯುವುದು ನೋಡಲು ಚೆಂದ ಅನ್ನಿಸುತ್ತಿತ್ತು. ಆಮೇಲೆ ತಿಂದದ್ದನ್ನು ಕಕ್ಕಿ ಕನ್ನಡಿಗೆ ಮೆತ್ತಲು ಶುರು ಮಾಡಿತು. ಸಂಗಾತಿಗೆ ಅವು ಹೀಗೇ ತಿನ್ನಿಸುವುದು. ನೀರು ಬದಲಿಸಲು ಕೈ ಹಾಕಿದರೂ ಜುಟ್ಟು ತಲೆಗೆ ಅಂಟಿಸಿಕೊಂಡು ಬುಸುಗುಟ್ಟಿ ಕಚ್ಚುತ್ತಿತ್ತು, ದಿನಾ ಬೆರಳ ಮೇಲೆ ಬಂದು ಕೂರುತ್ತಿದ್ದ ಹಕ್ಕಿ ಅದು!

ಕಾಕಟಿಯಲ್ ಆಸ್ಟ್ರೇಲಿಯಾದ ಒಣಪ್ರದೇಶಗಳಲ್ಲಿ ಗುಂಪು ಕಟ್ಟಿಕೊಂಡು ಬದುಕುವ ಹಕ್ಕಿ. ಕನ್ನಡಿಯಲ್ಲಿ ಕಾಣುವುದು ತಾನೇ ಅಂತ ಅದಕ್ಕೆ ತಿಳಿಯುವುದಿಲ್ಲ, ಇನ್ನೊಂದು ಹಕ್ಕಿ ಅಂದುಕೊಳ್ಳುತ್ತದೆ. ಆದರೆ ಆ ಹಕ್ಕಿ ಕೂಗಿದರೆ ಓಗೊಡುವುದಿಲ್ಲ, ತಲೆ ಬಗ್ಗಿಸಿದರೆ ಕೆರೆಯುವುದಿಲ್ಲ. ಒಂಟಿ ಹಕ್ಕಿಗೆ ಕನ್ನಡಿ ಜೊತೆಯಾಗುತ್ತೆ ಅಂತ ಅಂಗಡಿಯಲ್ಲಿ ಹೇಳುತ್ತಾರೆ, ನಾನು ಖಂಡಿತ ಒಪ್ಪುವುದಿಲ್ಲ. ಅದಕ್ಕೆ ಬೇಕಿರುವುದು ನಿಮ್ಮ ಸಮಯ, ಇಲ್ಲಾಂದ್ರೆ ಇನ್ನೊಂದು ನಿಜವಾದ ಹಕ್ಕಿ.

ಕನ್ನಡಿ ತೆಗೆದಾಗ ಕೆಲವು ದಿನ ಅದೇ ಮೂಲೆ ನೋಡಿಕೊಂಡು ಕಿರುಚಿತು, ಕೇಳಿ ಕಷ್ಟವಾಯಿತು. ಆ ಜಾಗಕ್ಕೆ ನವಣೆ ತೆನೆ ಮತ್ತು ತೆಂಗಿನ ಗರಿಯ ಗಂಟು ಕಟ್ಟಿದೆ. ಗರಿ ಸಿಗಿಯುವುದು ಅದಕ್ಕೆ ಬಲು ಇಷ್ಟ. ಸಂಜೆ ಬೇಗ ಬಟ್ಟೆ ಮುಚ್ಚಿ ರಾತ್ರಿ ಸುಮಾರು 12 ಗಂಟೆ ಕತ್ತಲೆ ಸಿಗುವ ಹಾಗೆ ಮಾಡಿದೆ, ಯಾಕಂದ್ರೆ ಬೆಳಕು ಜಾಸ್ತಿ ಹೊತ್ತು ಇದ್ದಷ್ಟೂ ಮರಿ ಮಾಡುವ ಕಾಲ ಬಂತು ಅಂತ ಅದರ ಮೈ ತಿಳಿಯುತ್ತದೆ. ನಿಧಾನವಾಗಿ ಬುಸುಗುಟ್ಟುವುದು ನಿಂತಿತು, ಈಗ ಮತ್ತೆ ಬೆರಳಿಗೆ ಬರುತ್ತದೆ.

ಹೆಣ್ಣು ಸಾಕಿರುವವರು ಇನ್ನೂ ಹುಷಾರಾಗಿರಬೇಕು. ಗಂಡಿಲ್ಲದೆಯೂ ಅವು ಮೊಟ್ಟೆ ಇಡುತ್ತವೆ, ಕನ್ನಡಿಯಲ್ಲಿ ಕಾಣುವ ಸಂಗಾತಿಯೇ ಅದಕ್ಕೆ ಪ್ರಚೋದನೆ ಆಗಬಹುದು. ಒಂದರ ಹಿಂದೆ ಒಂದು ಇಡುತ್ತಾ ಹೋದರೆ ಮೈಯಲ್ಲಿನ ಕ್ಯಾಲ್ಸಿಯಂ ಖಾಲಿಯಾಗಿ ಮೊಟ್ಟೆ ಒಳಗೇ ಸಿಕ್ಕಿಹಾಕಿಕೊಳ್ಳಬಹುದು. ಹಕ್ಕಿ ಪುಕ್ಕ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತು ತಿಣುಕುತ್ತಿದ್ದರೆ ನಾಳೆ ನೋಡೋಣ ಅನ್ನಬೇಡಿ, ಆಗಲೇ ಹಕ್ಕಿಗಳನ್ನು ನೋಡುವ ಪಶುವೈದ್ಯರ ಹತ್ತಿರ ಓಡಿ.