ಮುಂಬಯಿ ಹೋಟೆಲ್‌ನವರೇ, ಐಸ್ ಮೆಷಿನ್ ತಗೊಳ್ಳುವ ಮೊದಲು ಅದರ ಹಿಂದಿನ ಪ್ಲೇಟ್ ನೋಡಿ

ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವವರೆಗೆ ಕಾಯಲೂ ಆಗುವುದಿಲ್ಲ, ಯಾಕೆಂದರೆ ನನಗೆ ಮೋಸದ ಐಸ್ ಮೆಷಿನ್ ಮಾರಿದ ಮನುಷ್ಯ ಇನ್ನೂ ನಮ್ಮವರ ಹೋಟೆಲ್‌ಗಳಿಗೆ ಹೋಗುತ್ತಲೇ ಇದ್ದಾನೆ. ಬಂದು ಊರು ಯಾವುದು ಎಂದು ಕೇಳುತ್ತಾನೆ. ಮನೆ ಯಾವುದು, ದೈವಸ್ಥಾನ ಯಾವುದು ಎಂದು ಕೇಳುತ್ತಾನೆ. ಅರ್ಧ ಕನ್ನಡ, ಅರ್ಧ ತುಳು, ಬಾಯಿ ತುಂಬ ಅಣ್ಣ, ಶೆಟ್ರೇ. ಆಮೇಲೆ ಐಸ್ ಮೆಷಿನ್ ಮಾರುತ್ತಾನೆ. ಹೆಸರು ಹಾಕಬೇಡಿ ಎಂದು ವಕೀಲರು ಹೇಳಿದ್ದಾರೆ, ಹಾಗಾಗಿ ಹಾಕುವುದಿಲ್ಲ. ಆದರೆ ನಡೆದದ್ದನ್ನು ಪೂರ್ತಿ ಹೇಳುತ್ತೇನೆ.

ನಮ್ಮದು ಮುಲುಂಡ್‌ನಲ್ಲಿ ಅಪ್ಪನ ಕಾಲದ ಹೋಟೆಲ್. ಕೆಳಗೆ ಫ್ಯಾಮಿಲಿ ಸೆಕ್ಷನ್, ಮೇಲೆ ಪರ್ಮಿಟ್ ರೂಮ್, ಅಂದರೆ ಬಾರ್. ಐಸ್ ಯಾವಾಗಲೂ ಹೊರಗಿನಿಂದಲೇ ಬರುತ್ತಿತ್ತು. ಆದರೆ ಹೊರಗಿನ ಐಸ್ ಮೇಲೆ ಜನರಿಗೆ ನಂಬಿಕೆ ಹೋಗಿದೆ, ನಿಮಗೂ ಗೊತ್ತು. ತಿನ್ನಲು ಅಲ್ಲದ ಐಸ್‌ಗೆ ನೀಲಿ ಬಣ್ಣ ಹಾಕಬೇಕು ಎಂದು ಮಹಾರಾಷ್ಟ್ರದ ಆಹಾರ ಮತ್ತು ಔಷಧ ಇಲಾಖೆ (ಎಫ್‌ಡಿಎ) 2018ರಲ್ಲಿ ಹೇಳಿದ ಮೇಲಂತೂ ಗಿರಾಕಿಗಳು ಗ್ಲಾಸ್ ಎತ್ತಿ ನೋಡಿ "ಇದು ಎಲ್ಲಿಯ ಐಸ್?" ಎಂದು ಕೇಳತೊಡಗಿದರು. 2024ರ ಏಪ್ರಿಲ್‌ನಲ್ಲಿ ನಮ್ಮದೇ ಮೆಷಿನ್ ಹಾಕೋಣ ಎಂದು ತೀರ್ಮಾನ ಮಾಡಿದೆವು.

ಅವನ ಗೋದಾಮಿಗೆ ಹೋದೆ. ಮೆಷಿನ್ ಚೆನ್ನಾಗಿಯೇ ಕಾಣುತ್ತಿತ್ತು. ಸ್ಟೀಲ್ ಮೈ, ಮುಂದೆ ಹೊಳೆಯುವ ಸ್ಟಿಕ್ಕರ್, ಕ್ಯೂಬ್ ಐಸ್. ನಾನು ಕೇಳಬೇಕಾದದ್ದನ್ನೆಲ್ಲ ಬಾಯಿ ಬಿಟ್ಟು ಕೇಳಿದ್ದೇನೆ. ಹೊಸದಾ? "ಹೊಸದೇ ಶೆಟ್ರೇ, ಎಕ್ಸಿಬಿಷನ್‌ಗೆ ಇಟ್ಟ ಪೀಸು, ಅದಕ್ಕೇ ಬಾಕ್ಸ್ ಇಲ್ಲ." ದಿನಕ್ಕೆ ಎಷ್ಟು ಐಸ್ ಬರುತ್ತದೆ? "140 ಕೆಜಿ. ಕಣ್ಣು ಮುಚ್ಚಿ ತಗೊಳ್ಳಿ." ನಮ್ಮ ಕಿಚನ್ ಸೆಕೆಗೆ ನಡೆಯುತ್ತದಾ? "ಅಮೆರಿಕದ ಮಾಲು ಮಾರಾಯ್ರೆ, ಮರುಭೂಮಿಯಲ್ಲೂ ನಡೀತದೆ." ಸರ್ವಿಸ್? "ನಾನಿದ್ದೇನಲ್ಲ. ಊರಿನವರಿಗೆ ಸರ್ವಿಸ್ ಕೊಡದೆ ಎಲ್ಲಿಗೆ ಹೋಗ್ಲಿ?"

ಒಂದು ಲಕ್ಷ ಅರವತ್ತು ಸಾವಿರಕ್ಕೆ ಮಾತು ಮುಗಿಯಿತು. ಜೊತೆಗೆ ಒಂದು ಬಿಳಿ ಪೆಟ್ಟಿಗೆ ಕೊಟ್ಟ. "ಇದು ಸ್ಟೆಬಿಲೈಸರ್. ನಿಮಗೆ ಅಂತ ಫ್ರೀ. ಮೆಷಿನ್‌ನ ಪ್ಲಗ್ ಇದಕ್ಕೇ ಹಾಕಬೇಕು, ಬೇರೆ ಕಡೆ ಹಾಕಬಾರದು." ಈ ಮಾತನ್ನು ನೆನಪಿಟ್ಟುಕೊಳ್ಳಿ. ನೇರ ಗೋಡೆಯ ಸಾಕೆಟ್‌ಗೆ ಹಾಕಬಾರದು ಎಂದು ಅವನು ಎರಡೆರಡು ಸಲ ಹೇಳಿದ್ದ.

ಬಿಲ್ಲಿನಲ್ಲಿ "ಐಸ್ ಮೆಷಿನ್, 1 ನಗ" ಎಂದಷ್ಟೇ ಬರೆದಿತ್ತು. ಮಾಡೆಲ್ ಇಲ್ಲ, ಸೀರಿಯಲ್ ನಂಬರ್ ಇಲ್ಲ. ಕೇಳಿದ್ದಕ್ಕೆ "ಅದೆಲ್ಲ ವಾರಂಟಿ ಕಾರ್ಡಿನಲ್ಲಿ ಬರ್ತದೆ, ಕಳಿಸ್ತೇನೆ" ಎಂದ. ಆ ಕಾರ್ಡ್ ಇವತ್ತಿನವರೆಗೆ ಬಂದಿಲ್ಲ.

ಮೊದಮೊದಲು ಗೊತ್ತಾಗಲಿಲ್ಲ. ಐಸ್ ಕಡಿಮೆ ಅನಿಸುತ್ತಿತ್ತು, ಅಷ್ಟೇ. ಮುಂಬಯಿಯಲ್ಲಿ ಮೇ 20ಕ್ಕೆ ಮತದಾನ ಇತ್ತು, ಅದಕ್ಕೆ ಡ್ರೈ ಡೇ ಬಂತು, ಮೇಲಿನ ಸೆಕ್ಷನ್ ಮುಚ್ಚಿತ್ತು. ಐಸ್ ಬಂದು ಬೀಳುವ ಬಿನ್ ತುಂಬಿಕೊಂಡೇ ಇರುತ್ತಿತ್ತು. ಆಮೇಲೆ ಮೇ 26, ಭಾನುವಾರ, ಐಪಿಎಲ್ ಫೈನಲ್. ಎಲ್ಲ ಟೇಬಲ್ ಭರ್ತಿ. ಹೈದರಾಬಾದ್ ವಿಕೆಟ್ ಒಂದೊಂದೇ ಬೀಳುತ್ತಿದ್ದ ಹಾಗೆ ನಮ್ಮ ಬಿನ್‌ನಲ್ಲಿ ಐಸ್ ಖಾಲಿ. ಮೆಷಿನ್ ಗರ್ ಎಂದು ಓಡುತ್ತಲೇ ಇದೆ, ಐಸ್ ಮಾತ್ರ ಬೀಳುತ್ತಿಲ್ಲ. ವರ್ಷಗಳಿಂದ ಬರುವ ಗಿರಾಕಿಯೊಬ್ಬರು ಗಲ್ಲಾದ ಹತ್ತಿರ ಬಂದು, ಎಲ್ಲರಿಗೂ ಕೇಳುವ ಹಾಗೆ "ಶೇಟ್, ನಿಮ್ಮಲ್ಲಿ ಐಸ್ ಕೂಡ ಇಲ್ವಾ?" ಎಂದರು. ಎದುರು ರಸ್ತೆಯ ಹೋಟೆಲ್‌ಗೆ ಹುಡುಗನನ್ನು ಬಕೆಟ್ ಕೊಟ್ಟು ಕಳಿಸಿದೆ. ಅವರು ಕೊಟ್ಟರು. ಕೊಟ್ಟು, "ಹೊಸ ಮೆಷಿನ್ ಹಾಕಿದ್ದೀರಂತೆ ಅಲ್ವಾ?" ಎಂದೂ ಹೇಳಿ ಕಳಿಸಿದರು. ಕೋಲ್ಕತಾ ಹನ್ನೊಂದು ಓವರ್‌ನೊಳಗೆ ಗೆದ್ದುಬಿಟ್ಟಿತು. ಮ್ಯಾಚ್ ಅಲ್ಲಿಗೇ ಮುಗಿಯಿತು, ಇಲ್ಲದಿದ್ದರೆ ನಮ್ಮ ಮರ್ಯಾದೆ ಇನ್ನೂ ಹೋಗುತ್ತಿತ್ತು.

ಮರುದಿನವೇ ಫೋನ್ ಮಾಡಿದೆ. ಅವನ ಉತ್ತರಗಳನ್ನು ಸಾಲಾಗಿ ಹೇಳುತ್ತೇನೆ, ನಿಮಗೂ ಇವೇ ಬರುತ್ತವೆ.

ಮೊದಲು: "ಹೊಸ ಮೆಷಿನ್ ಅಲ್ವಾ ಶೆಟ್ರೇ, ಸೆಟ್ ಆಗ್ಲಿಕ್ಕೆ ಟೈಮ್ ಬೇಕು." ಆಮೇಲೆ: "ನಿಮ್ಮ ಕಿಚನ್ ಬಿಸಿ ಜಾಸ್ತಿ. ಅಲ್ಲಿ ಒಂದು ಎಸಿ ಹಾಕಿಸಿ." ಮರುಭೂಮಿಯಲ್ಲಿ ನಡೆಯುವ ಮೆಷಿನ್‌ಗೆ ಮುಲುಂಡ್‌ನಲ್ಲಿ ಎಸಿ ಬೇಕಂತೆ! ಮಳೆಗೆ ಮುಂಚೆ ಕೆರೆಗಳಲ್ಲಿ ನೀರು ತಳ ಕಂಡು, ಜೂನ್ 5ರಿಂದ ಮುನ್ಸಿಪಾಲಿಟಿ ನೀರು 10% ಕಡಿತ ಆಯಿತಲ್ಲ, ಆಗ ನಾವೂ ಟ್ಯಾಂಕರ್ ತರಿಸಿದೆವು. ಅದು ಅವನಿಗೆ ಹಬ್ಬ ಆಯಿತು. "ಟ್ಯಾಂಕರ್ ನೀರು ಹಾಕಿದ್ರಾ? ಹಾಗಾದ್ರೆ ವಾರಂಟಿ ಹೋಯ್ತು." ಬಾರದೇ ಇದ್ದ ವಾರಂಟಿ ಕಾರ್ಡು, ಅದರ ವಾರಂಟಿ ಹೋಯಿತು! ಕೊನೆಗೆ: "ಆವತ್ತೇ ಎಎಂಸಿ (ವರ್ಷದ ಸರ್ವಿಸ್ ಕರಾರು) ಮಾಡಿಸಿದ್ರೆ ಹೀಗೆ ಆಗ್ತಿರ್ಲಿಲ್ಲ."

ಇಲ್ಲಿ ಒಂದು ವಿಷಯ ಎಲ್ಲರೂ ತಿಳಿದುಕೊಳ್ಳಬೇಕು. ಬ್ರೋಶರ್‌ನಲ್ಲಿ ದೊಡ್ಡದಾಗಿ ಬರೆಯುವ ಕೆಜಿ ಲೆಕ್ಕ ಹೆಚ್ಚಾಗಿ ಸುತ್ತಲಿನ ಗಾಳಿ 21 ಡಿಗ್ರಿ, ಒಳಗೆ ಹೋಗುವ ನೀರು 10 ಡಿಗ್ರಿ ಇದ್ದಾಗಿನದು. ಮುಂಬಯಿಯಲ್ಲಿ ಯಾವ ಕಿಚನ್ 21 ಡಿಗ್ರಿ ಇರುತ್ತದೆ ಹೇಳಿ. ತಾರಸಿಯ ಟ್ಯಾಂಕಿನ ನೀರು ಮೇ ತಿಂಗಳಲ್ಲಿ ಕೈಗೆ ಬಿಸಿ ತಾಗುತ್ತದೆ. ಅದೇ ಮೆಷಿನ್‌ಗೆ ಇನ್ನೊಂದು ಲೆಕ್ಕವೂ ಇರುತ್ತದೆ, ಗಾಳಿ 32 ಡಿಗ್ರಿ, ನೀರು 21 ಡಿಗ್ರಿ ಇದ್ದಾಗಿನದು. ಅದು ತುಂಬಾ ಕಡಿಮೆ ಇರುತ್ತದೆ, ಅದನ್ನು ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ. ನಮ್ಮ ತಂದೂರ್ ಪಕ್ಕದ ಜಾಗದಲ್ಲಿ ಅದಕ್ಕಿಂತಲೂ ಕಡಿಮೆಯೇ ಬರುವುದು. ಇದನ್ನು ಮಾರುವವನು ಹೇಳಬೇಕಿತ್ತು. ಹೇಳಲಿಲ್ಲ. ಆದರೆ ನಮ್ಮದು ಅಷ್ಟೇ ಆಗಿರಲಿಲ್ಲ. ಒಂದು ರಾತ್ರಿ ಒಂದು ಹಗಲು ಬಿದ್ದ ಐಸನ್ನೆಲ್ಲ ಕಿಚನ್ ತಕ್ಕಡಿಯಲ್ಲಿ ತೂಗಿಸಿದೆ. ಹೇಳಿದ್ದರ ಅರ್ಧಕ್ಕೂ ಬರಲಿಲ್ಲ.

ಅಷ್ಟರಲ್ಲಿ ಅವನು "ಸರ್ವಿಸ್" ಎಂದು ಒಬ್ಬ ಹುಡುಗನನ್ನು ಕಳಿಸಿದ. ನೀರಿನ ಸುಣ್ಣದ ಪದರ (ಗಾರು) ಕಟ್ಟಿದೆ, ತೊಳೆದು ಕೊಡುತ್ತೇನೆ ಎಂದು ಆ ಹುಡುಗ ಬ್ಯಾಗಿನಿಂದ ಬಾಟಲಿ ತೆಗೆದು ಸುರಿದ. ವಾಸನೆಗೇ ಗೊತ್ತಾಯಿತು, ಟಾಯ್ಲೆಟ್ ತೊಳೆಯುವ ಆಸಿಡ್. ಐಸ್ ಮೆಷಿನ್‌ನಲ್ಲಿ! ಕ್ಯೂಬ್ ಕಟ್ಟುವ ತಾಮ್ರದ ತಟ್ಟೆಯ ಮೇಲೆ ತೆಳ್ಳಗೆ ನಿಕ್ಕಲ್ ಲೇಪ ಇರುತ್ತದೆ. ಬಲವಾದ ಆಸಿಡ್ ಬಿದ್ದರೆ ಅದು ಏಳುತ್ತದೆ. ನಮ್ಮಲ್ಲಿ ಎದ್ದಿತು. ಮುಂದಿನ ಕ್ಯೂಬ್‌ಗಳಲ್ಲಿ ಬೂದು ಬಣ್ಣದ ಸಣ್ಣ ಸಣ್ಣ ಚೂರು. ಇಡೀ ಬಿನ್ ಮೋರಿಗೆ ಸುರಿಸಿದೆ. ಗಿರಾಕಿಯ ಗ್ಲಾಸಿಗೆ ಹೋಗಿದ್ದರೆ? ಅವತ್ತು ನನ್ನ ಕೈ ನಡುಗುತ್ತಿತ್ತು. ಅವನ ಉತ್ತರ ಏನು ಗೊತ್ತಾ? "ಹುಡುಗ ಹೊಸಬ, ನೀವು ನಿಂತು ನೋಡ್ಬೇಕಿತ್ತು."

ಇನ್ನು ಆಗುವುದಿಲ್ಲ ಎಂದು ನಮ್ಮ ಡೀಪ್ ಫ್ರೀಜರ್ ನೋಡುವ ಹಳೆಯ ಮಿಸ್ತ್ರಿಯನ್ನು ಭಾಂಡುಪ್‌ನಿಂದ ಕರೆಸಿದೆ. ಅವರು ಹಿಂದಿನ ಪ್ಯಾನಲ್ ಬಿಚ್ಚಿದರು. ಒಳಗೆ ಒಂದು ಸ್ಟಿಕ್ಕರ್, 230 ವೋಲ್ಟ್ ಎಂದು ಅಚ್ಚಾಗಿತ್ತು. ತೇವಕ್ಕೆ ಅದರ ಮೂಲೆ ಎದ್ದಿತ್ತು. ಮಿಸ್ತ್ರಿ ಉಗುರಿನಿಂದ ಮೆಲ್ಲಗೆ ಎಳೆದರು. ಕೆಳಗೆ ಲೋಹದ ಪ್ಲೇಟ್. ಅವರು ಏನೂ ಮಾತಾಡಲಿಲ್ಲ, ಮೊಬೈಲ್ ಟಾರ್ಚ್ ಹಿಡಿದು "ಓದಿ" ಎಂದರು. 115 ವೋಲ್ಟ್. 60 ಹರ್ಟ್ಸ್.

ಆಮೇಲೆ ಬಿಳಿ ಪೆಟ್ಟಿಗೆ ಬಿಚ್ಚಿದರು. ಸ್ಟೆಬಿಲೈಸರ್ ಅಲ್ಲ, ಏನೂ ಅಲ್ಲ. 230ನ್ನು 115ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್. ನನಗೆ ಅಂತ ಫ್ರೀ ಕೊಟ್ಟದ್ದು! ಅದಿಲ್ಲದೆ ಆ ಮೆಷಿನ್ ಇಲ್ಲಿ ಒಂದು ನಿಮಿಷ ಬದುಕುತ್ತಿರಲಿಲ್ಲ, ಅದಕ್ಕೇ ಕೊಟ್ಟದ್ದು. ಅದಕ್ಕೇ ಬೇರೆ ಪ್ಲಗ್‌ಗೆ ಹಾಕಬಾರದು ಎಂದದ್ದು. ಊರು ಕೇಳಿ, ಮನೆ ಕೇಳಿ, ಚಹಾ ಕುಡಿಸಿ, ನಗುನಗುತ್ತಾ ಇದನ್ನು ಕೈಗೆ ಕೊಟ್ಟಿದ್ದ.

ಮಿಸ್ತ್ರಿ ವಿವರಿಸಿದರು. ಹರ್ಟ್ಸ್ ಅಂದರೆ ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಅತ್ತಿತ್ತ ಆಗುತ್ತದೆ ಎಂಬ ಲೆಕ್ಕ, ನಮ್ಮ ದೇಶದ ಕರೆಂಟ್ 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಹರ್ಟ್ಸ್ ಬದಲಿಸುವುದಿಲ್ಲ. 60ಕ್ಕೆ ಮಾಡಿದ ಕಂಪ್ರೆಸರ್ 50ರಲ್ಲಿ ಆರು ಸುತ್ತಿನ ಜಾಗದಲ್ಲಿ ಐದೇ ಸುತ್ತು ತಿರುಗುತ್ತದೆ. ಫ್ಯಾನ್ ಕೂಡ ಹಾಗೇ ನಿಧಾನ. ಮೋಟಾರ್ ಹೆಚ್ಚು ಕರೆಂಟ್ ಎಳೆದು ಕಾಯುತ್ತದೆ. ಐಸ್ ಕಡಿಮೆ, ಬಿಲ್ ಜಾಸ್ತಿ, ಕೊನೆಗೆ ಕಂಪ್ರೆಸರ್ ಸುಟ್ಟುಹೋಗುತ್ತದೆ. "ಇದು ಹಡಗಿನಿಂದ ಇಳಿದ ಮಾಲು ಇರಬೇಕು, ಹಡಗಿನಲ್ಲಿ ಹೆಚ್ಚಾಗಿ 60 ಹರ್ಟ್ಸೇ ಇರುವುದು. ಹಡಗು ಒಡೆಯುವ ದಾರುಖಾನಾ ಕಡೆ ಇಂಥವು ಎಷ್ಟೋ ನೋಡಿದ್ದೇನೆ" ಎಂದರು. ಎಲ್ಲಿಂದ ಬಂತೋ, ಹೊಸದಂತೂ ಅಲ್ಲ. ಒಳಗೆ ಸ್ಕ್ರೂ ತಲೆಗಳೆಲ್ಲ ಸವೆದಿದ್ದವು.

ಪ್ಲೇಟ್‌ನ ಫೋಟೋ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಇಲ್ಲ. ರಾತ್ರಿ ಒಂದು ವಾಯ್ಸ್ ಮೆಸೇಜ್. "ಶೆಟ್ರೇ, ಅಮೆರಿಕದ ಮಾಲು ಅಂತ ನಾನು ಮೊದಲೇ ಹೇಳಿದ್ದೆ. ಅಮೆರಿಕದಲ್ಲಿ ಹಾಗೇ ಇರೋದು. ಊರಿನವರು ಅಂತ ಕಡಿಮೆಗೆ ಕೊಟ್ಟೆ, ಈಗ ನೀವು ಹೀಗೆ ಫೋಟೋ ಕಳಿಸ್ತೀರಾ? ನನಗೆ ಬೇಜಾರಾಯ್ತು." ಅವನಿಗೆ ಬೇಜಾರು! ಗ್ರಾಹಕರ ಕೋರ್ಟಿಗೆ ಹೋಗುತ್ತೇನೆ ಎಂದೆ. "ಹೋಗಿ. ವ್ಯಾಪಾರಕ್ಕೆ ತಗೊಂಡ ಮಾಲು, ಅಲ್ಲಿ ಕೇಸ್ ನಿಲ್ಲೋದಿಲ್ಲ." ವಕೀಲರನ್ನು ಕೇಳಿದೆ. 2019ರ ಕಾಯಿದೆಯಲ್ಲಿ ವ್ಯಾಪಾರದ ಉದ್ದೇಶಕ್ಕೆ ಕೊಂಡವರು ಗ್ರಾಹಕರ ಲೆಕ್ಕಕ್ಕೆ ಬರುವುದಿಲ್ಲ, ಸ್ವಂತ ಹೊಟ್ಟೆಪಾಡಿಗೆ ತಾನೇ ದುಡಿಯುವವರಿಗೆ ಮಾತ್ರ ವಿನಾಯಿತಿ ಎಂದರು. ಅಂದರೆ ಅವನು ಇದನ್ನೆಲ್ಲ ಮೊದಲೇ ತಿಳಿದುಕೊಂಡು ಕೂತಿದ್ದ. ಈಗ ಲೀಗಲ್ ನೋಟಿಸ್ ಕಳಿಸಿದ್ದೇವೆ, ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇಲ್ಲದ್ದೇ ದೊಡ್ಡ ತಲೆನೋವಾಗಿದೆ.

ಹಾಗಾಗಿ ದಯವಿಟ್ಟು, ದುಡ್ಡು ಕೊಡುವ ಮೊದಲು ಪ್ಯಾನಲ್ ಬಿಚ್ಚಿಸಿ ಲೋಹದ ಪ್ಲೇಟ್ ನೋಡಿ. ಸ್ಟಿಕ್ಕರ್ ಅಲ್ಲ, ಪ್ಲೇಟ್. 50 ಹರ್ಟ್ಸ್ ಇಲ್ಲದಿದ್ದರೆ ಎದ್ದು ಬನ್ನಿ. ಪ್ಲೇಟ್‌ನ ನಂಬರ್ ಬಿಲ್ಲಿನಲ್ಲಿ ಬರೆಸಿ. 32 ಡಿಗ್ರಿಯ ಲೆಕ್ಕ ಕೇಳಿ. ಮೆಷಿನ್ ಸುತ್ತ ಗಾಳಿಯಾಡಲು ಗೇಣು ಜಾಗವಾದರೂ ಬಿಡಿ, ತಂದೂರ್ ಹತ್ತಿರ ಬೇಡವೇ ಬೇಡ. ಬಿಸಿ ಹೊರಹಾಕುವ ಜಾಲರಿ, ಅಂದರೆ ಕಂಡೆನ್ಸರ್ ಮೇಲಿನ ಎಣ್ಣೆ ಧೂಳನ್ನು ಆಗಾಗ ಬ್ರಷ್ ಮಾಡಿಸಿ. ಆರು ತಿಂಗಳಿಗೊಮ್ಮೆ ಗಾರು ತೆಗೆಸಿ, ಟ್ಯಾಂಕರ್ ನೀರಿದ್ದರೆ ಇನ್ನೂ ಬೇಗ. ನಿಕ್ಕಲ್‌ಗೆ ಹಾನಿ ಮಾಡದ ಕ್ಲೀನರ್ ಮಾತ್ರ, ಬಾಟಲಿ ನೀವೇ ಓದಿ. ಮತ್ತೆ ಊರು ಯಾವುದು ಎಂದು ಕೇಳಿದ ಕೂಡಲೇ ಕರಗಬೇಡಿ.

ಇಷ್ಟು ಬರೆಯಲು ನಿಜವಾದ ಕಾರಣ ಬೇರೆ ಇದೆ. ನೋಟಿಸ್ ತಲುಪಿದ ಮೇಲೆ ಅವನು ಮತ್ತೆ ಫೋನ್ ಮಾಡಿದ. "ಗಲಾಟೆ ಯಾಕೆ ಶೆಟ್ರೇ? ಮೆಷಿನ್ ನಾನು ವಾಪಸ್ ತಗೊಳ್ತೇನೆ. ಪನ್ವೇಲ್‌ನಲ್ಲಿ ಒಬ್ರು ಹೊಸ ಹೋಟೆಲ್ ಹಾಕ್ತಿದ್ದಾರೆ, ನಮ್ಮವರೇ, ಅವರಿಗೆ ಕೊಡ್ತೇನೆ. ನೀವು ಸುಮ್ನೆ ಇದ್ರೆ ಸಾಕು, ನಿಮ್ಮ ದುಡ್ಡು ಬರ್ತದೆ." ಆಗುವುದಿಲ್ಲ ಎಂದೆ. ಮೆಷಿನ್ ನಮ್ಮಲ್ಲೇ ಇದೆ, ಕೊಡುವುದಿಲ್ಲ. ಆದರೆ ಅವನ ಗೋದಾಮಿನಲ್ಲಿ ಅಂಥವೇ ಇನ್ನೂ ಇದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಪನ್ವೇಲ್‌ನಲ್ಲಿ ಹೋಟೆಲ್ ಹಾಕುತ್ತಿರುವವರು ಯಾರೆಂದು ನನಗೆ ಗೊತ್ತಿಲ್ಲ. ಯಾರಿಗಾದರೂ ಗೊತ್ತಿದ್ದರೆ ಇದನ್ನು ಇವತ್ತೇ ಅವರಿಗೆ ತಲುಪಿಸಿ.